ಏಣಿಯ ಬೀಗ

ನಮ್ಮೆಜಮಾನರು ಕಟ್ಟಡದ ಕೆಲಸದಲ್ಲಿ ಎತ್ತರದ ಟವರ್ ಕ್ರೇನ್ ಓಡಿಸುತ್ತಾರೆ. ಕೆಳಗೆ ಕಾಂಕ್ರೀಟಿನ ಬಕೆಟ್ಟಿಗೆ ಕೊಕ್ಕೆ ಸಿಕ್ಕಿಸುವ ಕೆಲಸ ನನ್ನದು. ಬೆಳಿಗ್ಗೆ ಅವರು ಏಣಿ ಹತ್ತಿದ ಕೂಡಲೇ ಮೇಸ್ತ್ರಿ ಏಣಿಯ ಬುಡದ ಬಾಗಿಲಿಗೆ ಬೀಗ ಜಡಿಯುತ್ತಾನೆ. ಕೇಳಿದರೆ ಸುರಕ್ಷತೆಯಂತೆ. ಯಾರ ಸುರಕ್ಷತೆಯೋ! ತೆಗೆಯುವುದು ಊಟದ ಹೊತ್ತಿಗೆ, ಬಿಟ್ಟರೆ ಸಂಜೆಗೆ. ನಡುವೆ ಹೊಟ್ಟೆ ಹಿಂಡಿದರೂ ತಡೆದುಕೊಳ್ಳಬೇಕು. ಅದಕ್ಕೇ ಅವರು ನೀರು ಕುಡಿಯುವುದನ್ನೇ ಬಿಟ್ಟಿದ್ದರು.

ಒಂದು ದಿನ ಒಗೆಯುವಾಗ ಅವರ ಪ್ಯಾಂಟಿನಲ್ಲಿ ಕೆಂಪು ಕಲೆ ಕಂಡೆ.

"ಏನ್ರೀ ಇದು?"

"ಪೇಂಟು."

"ಪೇಂಟಿನವ್ರು ಇನ್ನೂ ಕೆಲಸಕ್ಕೇ ಬಂದಿಲ್ಲ. ಯಾರ ಕಿವಿಗೆ ಹೂವಿಡ್ತೀರಾ?"

ತಲೆ ತಗ್ಗಿಸಿದರು. "ಉಷ್ಣ ಕಣೇ. ಕಕ್ಕಸ್ಸಿಗೆ ಹೋದಾಗ ರಕ್ತ ಬೀಳುತ್ತೆ. ಯಾರಿಗೂ ಹೇಳ್ಬೇಡ, ಮಾನ ಹೋಗುತ್ತೆ."

ರಕ್ತ ಹೋಗುತ್ತಿದೆ, ಇವರಿಗೆ ಮಾನದ ಚಿಂತೆ! ನನಗೆ ನಗುವೂ ಬಂತು, ಅಳುವೂ ಬಂತು.

ರಜೆಯ ದಿನ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಕೇಳಿದರು.

"ರಕ್ತ ಎಷ್ಟು ಬೀಳುತ್ತೆ?"

"ಮೊದ್ಲು ಹನಿ ಹನಿ. ಈಗ ಸುರಿಯುತ್ತೆ."

"ಗಂಟು ಹೊರಗೆ ಬರುತ್ತಾ? ತಾನಾಗೇ ಒಳಗೆ ಹೋಗುತ್ತಾ?"

"ಮೊದ್ಲು ಹೋಗ್ತಿತ್ತು. ಈಗ ಕೈಯಿಂದ ತಳ್ಬೇಕು."

"ತಲೆ ಸುತ್ತುತ್ತಾ?"

ಅವರು ನನ್ನ ಮುಖ ನೋಡಿದರು. "ಇಲ್ಲ."

ಸುಳ್ಳು. ಮೊನ್ನೆ ತಾನೇ ಬಾಗಿಲು ಹಿಡಿದು ತೂರಾಡಿದ್ದನ್ನು ನಾನೇ ನೋಡಿದ್ದೆ. ಆದರೆ ತಲೆ ಸುತ್ತುವವರನ್ನು ಕ್ರೇನ್ ಹತ್ತಿಸುವುದಿಲ್ಲ. ಹತ್ತದಿದ್ದರೆ ನಾವಿರುವ ಕಂಪನಿಯ ಶೆಡ್ಡು ಬಿಡಬೇಕು. ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗೋದು? ನಾನೂ ಬಾಯಿ ಮುಚ್ಚಿಕೊಂಡೆ.

ಡಾಕ್ಟರಮ್ಮ ಕಣ್ಣಿನ ರೆಪ್ಪೆ ಎಳೆದು ನೋಡಿ ಗದರಿದರು. "ಮೈಯಲ್ಲಿ ರಕ್ತಾನೇ ಇಲ್ವಲ್ರೀ! ಇದು ಉಷ್ಣ ಅಲ್ಲ, ಮೂಲವ್ಯಾಧಿ. ತುಂಬಾ ಮುಂದುವರಿದಿದೆ. ಬೇಗ ಬಂದು ಸೇರ್ಕೊಳ್ಳಿ, ಆಪರೇಷನ್ ಬೇಕಾಗ್ಬಹುದು. ನೀರು ಕುಡೀರಿ, ಬಂದಾಗ ತಡ್ಕೋಬೇಡಿ. ತಲೆ ಸುತ್ತಿದ್ರೆ ತಕ್ಷಣ ಬನ್ನಿ."

ಮೇಸ್ತ್ರಿಗೆ ಹೇಳಿದರೆ ಹಲ್ಲು ಕಿರಿದ. "ಅದಕ್ಕೆಲ್ಲಾ ರಜೆನಾ? ಸ್ಲ್ಯಾಬ್ ಮುಗೀಲಿ. ಅಲ್ಲೀವರೆಗೂ ಮೆತ್ತಗಿನ ದಿಂಬು ಕೊಡ್ಸೋಣ ಬಿಡು."

ಸ್ಲ್ಯಾಬ್ ಹಾಕುವ ದಿನ, ಕಾಂಕ್ರೀಟ್ ತುಂಬಿದ ಬಕೆಟ್ಟು ಮೇಲೇರುತ್ತಿದ್ದದ್ದು ಓಲಾಡಿತು. ಹಾಗೇ ಇಳಿದು ಓರೆಯಾಗಿ ನೆಲ ಮುಟ್ಟಿತು. ನನ್ನ ಫೋನು ಹೊಡೆದುಕೊಂಡಿತು.

"ಕಣ್ಣು ಕತ್ತಲೆ ಬರ್ತಿದೆ ಕಣೇ. ಸೀಟೆಲ್ಲಾ ಒದ್ದೆ."

ಮೇಸ್ತ್ರಿಯ ಹತ್ತಿರ ಓಡಿದೆ. "ಬೀಗ ತೆಗೀರಿ! ಅವ್ರು ಸಾಯ್ತಾರೆ!"

"ಇನ್ನು ನಾಲ್ಕೇ ಬಕೆಟ್ಟು. ಕಾಂಕ್ರೀಟ್ ಗಟ್ಟಿಯಾದ್ರೆ ನಿಮ್ಮಪ್ಪ ಬಂದು ಒಡೀತಾನಾ?"

ಕಾಲು ಹಿಡಿಯಲು ಬಗ್ಗಿದವಳು ಹಾಗೇ ಎದ್ದೆ. ಎಲ್ಲಿತ್ತೋ ಆ ಸಿಟ್ಟು! ಹೋಗಿ ಬಕೆಟ್ಟಿನ ಕೊಕ್ಕೆ ಕಳಚಿ, ಅದರ ಪಕ್ಕದಲ್ಲೇ ಕೂತೆ. ಕಂಬಿ ಕಟ್ಟುತ್ತಿದ್ದ ನನ್ನ ಓರಗಿತ್ತಿ ಬಂದು ಒತ್ತಿ ಕೂತಳು. ಆಮೇಲೆ ಅವಳ ಜೊತೆಯವರು. ಆಮೇಲೆ ಗಾರೆಯವರು, ಸೆಂಟ್ರಿಂಗ್ ಹಲಗೆ ಜೋಡಿಸುವವರು.

"ಏಳ್ರೋ! ಕಾಂಕ್ರೀಟ್ ಲಾರಿ ಕಾಯ್ತಿದೆ!" ಮೇಸ್ತ್ರಿ ಅರಚಿದ.

"ಕಾಯ್ಲಿ. ಮೇಲಿರೋರು ಕಾದಿಲ್ವಾ?" ಎಂದಳು ಓರಗಿತ್ತಿ.

ಅವನು ನಮ್ಮನ್ನು ನೋಡಿದ, ಲಾರಿಯನ್ನು ನೋಡಿದ. ಕ್ರೇನಿನ ಕಡೆ ಕತ್ತೆತ್ತಲೇ ಇಲ್ಲ. ಕಾಂಕ್ರೀಟ್ ಗಟ್ಟಿಯಾಗುವ ಭಯಕ್ಕೆ ಜೇಬಿನಿಂದ ಕೀಲಿಕೈ ಹೊರಗೆ ಬಂತು.

ಗಾರೆಯವರಿಬ್ಬರು ಮೇಲೆ ಹತ್ತಿ ಅವರನ್ನು ಹಗ್ಗ ಕಟ್ಟಿ ಮೆಲ್ಲಗೆ ಇಳಿಸಿದರು. ಮುಖ ಸುಣ್ಣದ ಹಾಗಿತ್ತು. ಆಸ್ಪತ್ರೆಗೆ ಒಯ್ಯಲು ಯಾರೋ ಆಟೋ ತರಲು ಓಡಿದರು.

"ಸಂಜೆಯೊಳಗೆ ಶೆಡ್ಡು ಖಾಲಿ ಮಾಡ್ಬೇಕು!" ಮೇಸ್ತ್ರಿ ನನ್ನತ್ತ ಬೆರಳು ತೋರಿಸಿದ.

"ನಮ್ದೂ ಸೇರಿಸ್ಕೋ," ಎಂದಳು ಓರಗಿತ್ತಿ. ಹಿಂದಿನಿಂದ ಇನ್ನೊಬ್ಬರು, "ನಮ್ದೂ."

ಏಣಿಯ ಬಾಗಿಲಲ್ಲಿ ಬೀಗ ನೇತಾಡುತ್ತಿತ್ತು. ಕಿತ್ತುಕೊಂಡು ಬಂದು, ಮೇಸ್ತ್ರಿ ನೋಡುತ್ತಿದ್ದಂತೆಯೇ ಬಕೆಟ್ಟಿನ ಹಸಿ ಕಾಂಕ್ರೀಟಿನೊಳಕ್ಕೆ ಮೊಣಕೈವರೆಗೂ ಒತ್ತಿಬಿಟ್ಟೆ.