ಏಳು ಮೂಗಿನ ಅರ್ಜಿ

ಬ್ಯಾಡಗಿಯವರಿಗೆ ತಮ್ಮ ಮೂಗಿನ ಮೇಲೆ ಭಾರೀ ಭರವಸೆ. ಮೆಣಸಿನಕಾಯಿ ಚೀಲದ ಬಾಯಿ ಬಿಚ್ಚುವ ಮೊದಲೇ, ಇದು ಈ ವರ್ಷದ ಮಾಲೋ ಕೋಲ್ಡ್ ಸ್ಟೋರೇಜಿನಲ್ಲಿ ಮಲಗಿ ಎದ್ದುಬಂದದ್ದೋ ಹೇಳಿಬಿಡುತ್ತಾರೆ. ಹೊರಗಿನವರು ಮಾರ್ಕೆಟ್ಟಿಗೆ ಕಾಲಿಟ್ಟು ಸೀನುತ್ತ ನಿಂತರೆ ಇವರಿಗೆ ನಗು. ಇಂಥ ಊರಲ್ಲಿ ಗುಟ್ಟಾಗಿ ಅಡುಗೆ ಮಾಡುವುದು ಯಾರಿಂದಲೂ ಆಗದ ಮಾತು. ಬಿಸ್ಮಿಲ್ಲಾಬಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆದರೆ ಆ ದಿನ ಅವಳ ತಲೆಯಲ್ಲಿ ಊರಿನ ಮೂಗು ಇರಲಿಲ್ಲ, ಗಂಡನ ಬಾಯಿ ಇತ್ತು.

ಗಂಡ ಮೌಲಾಸಾಬ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ನಲವತ್ತು ವರ್ಷ ಹಮಾಲಿ ಮಾಡಿದವನು. ಜ್ವರ ಬಂದು ಬಿಟ್ಟುಹೋಗಿತ್ತು, ಹೋಗುವಾಗ ಬಾಯಿರುಚಿಯನ್ನೂ ಹೊತ್ತುಕೊಂಡು ಹೋಗಿತ್ತು. ಎಂಟು ದಿನದಿಂದ ಎರಡು ಚಮಚ ಗಂಜಿ ಬಿಟ್ಟರೆ ಏನೂ ಇಳಿದಿರಲಿಲ್ಲ. ರಾಣೆಬೆನ್ನೂರಿನ ಡಾಕ್ಟರು ನಾಡಿ ನೋಡಿ, "ನನ್ನ ಕೆಲಸ ಮುಗೀತಮ್ಮ. ಇನ್ನ ಬಾಯಿ ಏನ್ ಕೇಳ್ತೈತಿ ಅದನ್ನ ಕೊಡು. ಉಣ್ಣದಿದ್ರ ಮನುಷ್ಯ ಉಳಿಯೂದಿಲ್ಲ" ಎಂದಿದ್ದರು.

ಬಾಯಿ ಕೇಳಿದ್ದು ಏನನ್ನು? ಒಣಮಸಾಲೆ ತಿಕ್ಕಿ ಹಂಚಿನ ಮೇಲೆ ಹುರಿದ ದೊಡ್ಡ ಮಾಂಸವನ್ನು! ದನ ಕಡಿಯಬಾರದೆಂಬ ಕಾನೂನು ಬಂದು, ಪೇಟೆಯ ಅಂಗಡಿಗಳ ಬಾಗಿಲು ಬಿದ್ದು ವರ್ಷಗಳೇ ಆಗಿದ್ದವು. ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದರೂ ಸಿಗುವ ಹಾಗಿರಲಿಲ್ಲ.

ಮಾಂಸ ನಿಂತರೂ ಬಿಸ್ಮಿಲ್ಲಾಬಿಯ ಮಸಾಲೆ ನಿಂತಿರಲಿಲ್ಲ. ಪ್ರತಿ ಸುಗ್ಗಿಗೆ ಡಬ್ಬಿ ತಳಿಯ ಹೊಸ ಮೆಣಸಿನಕಾಯಿ ತಂದು ತೊಟ್ಟು ಮುರಿದು ಬಿಸಿಲಿಗೆ ಹಾಕುವಳು. ಹವೀಜ, ಜೀರಿಗೆ, ಮೆಣಸಿನಕಾಳು, ಲವಂಗ, ಚಕ್ಕೆ, ಕಲ್ಲುಹೂ, ಒಂದೊಂದನ್ನೂ ಬೇರೆ ಬೇರೆ ಹುರಿಯುವಳು. ಎಲ್ಲ ಒಟ್ಟಿಗೆ ಹುರಿಯುವ ಹೆಂಗಸರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಒಣಶುಂಠಿ, ಕರುಂಕುರುಂ ಆಗುವಂತೆ ಒಣಗಿಸಿದ ಬಳ್ಳೊಳ್ಳಿ, ಹರಳುಪ್ಪು ಸೇರಿಸಿ ಒರಳಲ್ಲೇ ಕುಟ್ಟುವಳು. ಎಣ್ಣೆ, ನೀರು ಒಂದು ಹನಿ ತಾಗಬಾರದು. ಕೊನೆಗೆ, ಎಳೆ ಪಪ್ಪಾಯಿಯನ್ನು ತೆಳ್ಳಗೆ ಹೆಚ್ಚಿ ಒಣಗಿಸಿದ ಪುಡಿ ಒಂದು ಹಿಡಿ. ಎಂಥ ಮುದಿ ಎಮ್ಮೆಯ ಮಾಂಸವೂ ಅದಕ್ಕೆ ಮೆತ್ತಗಾಗುತ್ತಿತ್ತು. ಈಗ ಮೆತ್ತಗಾಗಲು ಎದುರಿಗೆ ಏನೂ ಇರಲಿಲ್ಲ. ಆದರೂ ಪಪ್ಪಾಯಿ ಬಿಟ್ಟರೆ ಅದು ತನ್ನ ಅತ್ತೆಯ ಮಸಾಲೆ ಅಲ್ಲವೆಂದು ಹಾಕುತ್ತಲೇ ಇದ್ದಳು.

ಪಪ್ಪಾಯಿ ಗಿಡ ಇದ್ದದ್ದು ಪಕ್ಕದ ಮನೆಯ ಚೌಡವ್ವನ ಹಿತ್ತಲಲ್ಲಿ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದಲ್ಲಿ ಜೊತೆಗೆ ಕೂತು ಮುದುಕಿಯರಾದ ಗೆಳತಿಯರು ಅವರು. ವರ್ಷಕ್ಕೊಮ್ಮೆ ಗೋಡೆಯ ಮೇಲಿಂದ ಎರಡು ಕಾಯಿ ಈಚೆ ಬರುತ್ತಿದ್ದವು, ವಾರದ ನಂತರ ಒಂದು ಶೀಸೆ ಮಸಾಲೆ ಆಚೆ ಹೋಗುತ್ತಿತ್ತು. ಇದನ್ನು ಇಬ್ಬರೂ ಮೂರನೆಯವರಿಗೆ ಹೇಳಿದವರಲ್ಲ.

ಯೋಚಿಸಿ ಯೋಚಿಸಿ ಬಿಸ್ಮಿಲ್ಲಾಬಿ ಒಂದು ಸುವರ್ಣಗಡ್ಡೆ ತಂದಳು. ದಪ್ಪ ತುಂಡು ಮಾಡಿ, ಗಂಟಲು ತುರಿಸದಿರಲೆಂದು ಹುಣಸೆನೀರಲ್ಲಿ ನೆನೆಹಾಕಿದಳು. ಎರಡು ತಾಸು ಬೇಕಿತ್ತು, ಅವಸರಕ್ಕೆ ಒಂದೇ ತಾಸಿಗೆ ತೆಗೆದಳು. ಅರೆ ಬೇಯಿಸಿ, ಆರಿಸಿ, ಮಸಾಲೆಯನ್ನು ಬೆರಳ ತುದಿಯಿಂದ ತುಂಡುತುಂಡಿಗೂ ತಿಕ್ಕಿ ಹಂಚಿನ ಮೇಲೆ ಇಟ್ಟಳು. ಮಧ್ಯಾಹ್ನ ಓಣಿಯ ತುಂಬ ಘಮ ಎದ್ದಿತು.

"ಮಾಂಸ ಸಿಕ್ಕಿತೇನು?" ಎಂದು ಒಳಗಿನ ಹಾಸಿಗೆಯಿಂದ ಮೌಲಾಸಾಬ ಎದ್ದು ಕೂತ.

"ಸಿಕ್ಕಿತು, ತಿನ್ರಿ" ಎಂದು ಅವಳು ಜೀವನದಲ್ಲಿ ಮೊದಲ ಸಲ ಗಂಡನಿಗೆ ಸುಳ್ಳು ಹೇಳಿದಳು. ಮೊದಲ ಸಲವೆಂಬುದು ಅವಳ ಲೆಕ್ಕ. ಅವನು ಒಂದು ತಿಂದ, ಎರಡು ತಿಂದ, ಇನ್ನೂ ಕೇಳಿದ. ಬಿಸ್ಮಿಲ್ಲಾಬಿ ಒಲೆಯ ಮುಂದೆ ಬಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಸಂತೋಷಕ್ಕೆ ಅತ್ತಳು.

ಅಷ್ಟರಲ್ಲಿ ಅಂಗಳದಲ್ಲಿ ಗದ್ದಲ. ಮುಂದೆ ಪೊಲೀಸ್ ಡಾಕಪ್ಪ, ಹಿಂದೆ ಚೌಡವ್ವನ ಮಗ ಯುವರಾಜ, ಅವನ ಹಿಂದೆ ಅವನ ಯುವಕ ಮಂಡಳಿಯ ಆರು ಜನ. ಯುವರಾಜನದು ಫ್ಲೆಕ್ಸ್ ಬ್ಯಾನರಿನ ಅಂಗಡಿ. ಊರಲ್ಲಿ ಯಾರ ಹುಟ್ಟುಹಬ್ಬವಾದರೂ ಬ್ಯಾನರಿನ ಮೂಲೆಯಲ್ಲಿ ಕೈಮುಗಿದ ಅವನ ಫೋಟೋ ಇರಲೇಬೇಕು. ಬಿಸ್ಮಿಲ್ಲಾಬಿಯನ್ನು ಚಿಗವ್ವ ಎನ್ನುತ್ತ ಬೆಳೆದವನು, ಅವತ್ತಿನ ಅರ್ಜಿಯಲ್ಲಿ ಅವಳನ್ನು "ಸದರಿ ಮಹಿಳೆ" ಮಾಡಿದ್ದ. "ಸದರಿ ಮಹಿಳೆಯ ಮನೆಯಿಂದ ದನದ ಮಾಂಸದ ವಾಸನೆ ಬರುತ್ತಿರುವುದನ್ನು ನಾವು ಏಳು ಜನ ಖುದ್ದಾಗಿ ಮೂಸಿ ಖಾತ್ರಿಪಡಿಸಿಕೊಂಡಿದ್ದೇವೆ" ಎಂದು ಬರೆದು, ಏಳೂ ಜನ ಸಹಿ ಹಾಕಿದ್ದರು.

"ಗಡ್ಡೆ" ಎಂದು ಒಂದು ಸಲ ಕೂಗಿದ್ದರೆ ಬಿಸ್ಮಿಲ್ಲಾಬಿ ಪಾರಾಗುತ್ತಿದ್ದಳು. ಆದರೆ ಅಂಗಳಕ್ಕೂ ಗಂಡನ ಹಾಸಿಗೆಗೂ ನಡುವೆ ಇದ್ದದ್ದು ಒಂದು ಹಳೆಯ ಪರದೆ. ಕೇಳಿಸಿತೆಂದರೆ ಅವನು ತಾಟು ಸರಿಸಿ ಮಲಗುತ್ತಾನೆ, ಮತ್ತೆ ಏಳುವುದಿಲ್ಲ.

"ಸಾಹೇಬ್ರ, ಸಣ್ಣಕ ಮಾತಾಡ್ರಿ" ಎಂದು ಅವಳು ಡಾಕಪ್ಪನ ಹತ್ತಿರ ಬಂದು ಪಿಸುಗುಟ್ಟಿದಳು. "ಅದು ಸುವರ್ಣಗಡ್ಡಿ. ನಮ್ಮ ಮನಿಯವರು ಮಾಂಸ ಅಂತ ತಿನ್ನಾಕತ್ತಾರ. ನಿಮ್ಮ ಕಾಲ ಬೀಳ್ತೇನಿ, ಅವರಿಗೆ ಕೇಳಸೂದು ಬ್ಯಾಡ."

ಡಾಕಪ್ಪ ಹಂಚಿನಿಂದ ಒಂದು ತುಂಡು ಎತ್ತಿ ಮುರಿದು ನೋಡಿದ. ಅವನಿಗೂ ಹೆಂಡತಿ ಇದ್ದಳು, ಪಿಸುಮಾತಿಗೆ ಇಳಿದ. "ಯುವರಾಜ, ಗಡ್ಡಿ ಐತೋ ಇದು."

"ತೋರಸಾಕ ಗಡ್ಡಿ ಇಟ್ಟಾರ್ರಿ, ಮಾಂಸ ಮುಚ್ಚಿಟ್ಟಾರ. ಬ್ಯಾಡಗ್ಯಾಗ ಹುಟ್ಟಿದ ಮೂಗು ಸುಳ್ಳ ಹೇಳೂದಿಲ್ಲ" ಎಂದು ಯುವರಾಜನೂ ಅದೇ ಪಿಸುದನಿಯಲ್ಲಿ ವಾದಿಸಿದ.

"ಆತು. ವಾಸನಿ ಪಂಚನಾಮಾ ಮಾಡೂಣು." ಡಾಕಪ್ಪ ಪೆನ್ನು ತೆಗೆದ. "ದನದ ಮಾಂಸದ ವಾಸನಿ ಹಿಂಗ ಇರ್ತೈತಿ ಅಂತ ಗೊತ್ತಿದ್ದವರು ಒಬ್ಬೊಬ್ಬರ ಮುಂದ ಬರ್ರಿ. ಎಲ್ಲಿ ಮೂಸಿದ್ದು, ಯಾವಾಗ ಮೂಸಿದ್ದು, ತಿಂದಿದ್ದೋ ಬರೇ ಮೂಸಿದ್ದೋ, ಎಲ್ಲಾ ಬರಸ್ರಿ."

ಒಬ್ಬನಿಗೆ ಹುಟ್ಟಿದಾಗಿನಿಂದ ನೆಗಡಿ ಎಂಬುದು ಆಗ ಎಲ್ಲರಿಗೂ ತಿಳಿಯಿತು. ಇನ್ನೊಬ್ಬ ಚರಂಡಿಯ ಅರ್ಜಿ ಎಂದುಕೊಂಡು ಸಹಿ ಮಾಡಿದ್ದನಂತೆ. ಮತ್ತೊಬ್ಬನಿಗೆ ಫೋನ್ ಬಂತು, ಗಂಟೆ ಮಾತ್ರ ಯಾರಿಗೂ ಕೇಳಿಸಲಿಲ್ಲ. ಉಳಿದವರು ಅಣ್ಣನಿಗೆ ಗೊತ್ತು ಎಂದು ಅಣ್ಣನನ್ನು ತೋರಿಸಿದರು. ಅಣ್ಣ ಹಿಂದೆ ಸರಿಯುವ ಹಾಗಿರಲಿಲ್ಲ.

"ಸಣ್ಣಾವಿದ್ದಾಗಿಂದ ಗೊತ್ತೈತಿ ನನಗ ಈ ವಾಸನಿ!" ಎಂದುಬಿಟ್ಟ ಯುವರಾಜ.

ಡಾಕಪ್ಪ ಅದನ್ನು ಬರೆದುಕೊಂಡ. ಆಗಲೇ ಒಳಗಿನಿಂದ ಮೌಲಾಸಾಬನ ದನಿ ಬಂತು. ನೆರೆಯವರು ತನ್ನನ್ನು ನೋಡಲು ಬಂದಿದ್ದಾರೆಂದುಕೊಂಡ ಅವನು, ಉಮೇದಿಯಿಂದ ಕೂಗಿದ: "ಯಾರ ಬಂದೀರಿ, ಬರ್ರಿ! ಎಷ್ಟ ವರ್ಷಕ್ಕ ಇಂಥಾ ಮಾಂಸ ತಿಂದ್ನಿ ನೋಡ್ರಿ! ಬೆಣ್ಣಿ ಆಗೈತಿ!"

"ಕೇಳಿದ್ರಿಲ್ಲೋ?" ಎಂದು ಯುವರಾಜ ಕುಣಿದಾಡಿದ.

ಡಾಕಪ್ಪನ ಪೆನ್ನು ನಿಂತಿತು. ಮನೆಯ ಯಜಮಾನನೇ ಒಪ್ಪಿಕೊಂಡ ಮೇಲೆ ಬರೆಯದೆ ವಿಧಿ ಇರಲಿಲ್ಲ. "ಯಮ್ಮಾ, ಹಂಚು, ತುಂಡು, ಆ ಮಸಾಲಿ ಡಬ್ಬಿ, ಎಲ್ಲಾ ಜಪ್ತಿ ಮಾಡಬೇಕಾಗ್ತೈತಿ. ಲ್ಯಾಬಿಗೆ ಹೋಗಿ ಬರ್ತಾವು."

ಬಿಸ್ಮಿಲ್ಲಾಬಿ ಡಬ್ಬಿಯನ್ನು ಎದೆಗೆ ಅವಚಿಕೊಂಡಳು. ಬೇಕಾದರೆ ತನ್ನನ್ನು ಒಯ್ಯಲಿ, ಡಬ್ಬಿ ಹೋದರೆ ನಾಳೆ ಅವನ ತಾಟಿಗೆ ಏನು ಹಾಕುವುದು? "ಈ ಮಸಾಲಿ ಮತ್ತ ಯಾರ ಮನ್ಯಾಗ ಐತಿ?" ಎಂದು ಡಾಕಪ್ಪ ಕೇಳಿದ. ಅವಳು ಗೋಡೆಯ ಕಡೆ ಕಣ್ಣು ಹಾಯಿಸದೆ, "ಯಾರ ಮನ್ಯಾಗೂ ಇಲ್ರಿ" ಎಂದಳು.

"ನಮ್ಮ ಮನ್ಯಾಗ ಐತಿ" ಎಂಬ ಮಾತು ಬಾಗಿಲಿಂದ ಬಂತು. ಚೌಡವ್ವ ಕೈಯಲ್ಲಿ ಶೀಸೆ ಹಿಡಿದು ನಿಂತಿದ್ದಳು. ನೇರ ಒಲೆಯ ಹತ್ತಿರ ಹೋಗಿ, ಹಂಚಿನಿಂದ ಒಂದು ತುಂಡು ಎತ್ತಿ ಎಲ್ಲರ ಎದುರು ಬಾಯಿಗೆ ಹಾಕಿಕೊಂಡಳು. ಅವಳು ನಿಧಾನಕ್ಕೆ ಅಗಿದು ನುಂಗಿ, ಗೆಳತಿಯ ಮುಖ ನೋಡಿ, ಪರದೆಯ ಕಡೆ ನೋಡಿ, ದನಿ ಇಳಿಸಿದಳು.

"ಗಡ್ಡಿರಿ ಸಾಹೇಬ್ರ. ಜಪ್ತಿ ಮಾಡೂದಿದ್ರ ಈ ಶೀಸೇನೂ ಮಾಡ್ರಿ. ಪಪ್ಪಾಯಿ ನಮ್ಮ ಗಿಡದ್ದು. ಈ ನನ್ನ ಮಗಾ ಸಾಲಿಗೆ ಒಯ್ಯೂ ಡಬ್ಬ್ಯಾಗಿನ ಬದನಿಕಾಯಿ ಹತ್ತು ವರ್ಷ ಇದರಾಗ ಮಾಡೇನಿ. ಬ್ಯಾರೆ ಪಲ್ಯಾ ಹಾಕಿದ್ರ ಡಬ್ಬಿ ಹಂಗ ವಾಪಸ್ ತರ್ತಿದ್ದ. ಸಣ್ಣಾವಿದ್ದಾಗಿಂದ ಗೊತ್ತೈತಿ ಅಂದದ್ದು ಖರೇ ಐತಿ, ಬರಕೋರಿ."

ಡಾಕಪ್ಪ ಗಂಭೀರವಾಗಿ ಪೆನ್ನು ಎತ್ತಿದ. "ಹಂಗಂದ್ರ, ಫಿರ್ಯಾದಿದಾರರು ಸದರಿ ವಾಸನಿಯನ್ನ ತಮ್ಮ ತಾಯಿ ಕೈಯಾಗ ಹತ್ತು ವರ್ಷ ಉಂಡಾರ ಅಂತ ಬರೀಲೇನು ಯುವರಾಜ? ಕೆಳಗ ಸಹಿ ಮಾಡ್ತೀಯಿಲ್ಲೋ?"

ಯುವರಾಜ ಅರ್ಜಿಯನ್ನು ಕಿತ್ತುಕೊಂಡು, ನಾಲ್ಕು ಮಡಿಕೆ ಮಡಚಿ, ಕಿಸೆಗಿಟ್ಟುಕೊಂಡು ಹೊರಟ. ತಾಯಿಯ ಮುಖವನ್ನಾಗಲಿ ಚಿಗವ್ವನ ಮುಖವನ್ನಾಗಲಿ ನೋಡಲಿಲ್ಲ. ಡಾಕಪ್ಪ ಮಾತ್ರ ತನಿಖೆ ಪೂರ್ಣವಾಗಬೇಕೆಂದು ಒಂದು ಚಿಟಿಕೆ ಮಸಾಲೆಯನ್ನು ಪಂಚನಾಮದ ಹಾಳೆಯಲ್ಲೇ ಪೊಟ್ಟಣ ಕಟ್ಟಿಕೊಂಡ. ಚಿಟಿಕೆ ಅಂದರೆ ಪೊಲೀಸರ ಚಿಟಿಕೆ, ಮೂರು ದಿನದ ಅಡುಗೆಗೆ ಸಾಕು.

ಎಲ್ಲರೂ ಹೋದ ಮೇಲೆ ಬಿಸ್ಮಿಲ್ಲಾಬಿ ಒಳಗೆ ಹೋದಳು. ತಾಟು ಬರಿದಾಗಿತ್ತು. ಮೌಲಾಸಾಬ ಬೆರಳಿಗೆ ಹತ್ತಿದ ಮಸಾಲೆಯನ್ನು ನೆಕ್ಕುತ್ತಿದ್ದ. ಅವನಿಗೆ ಏನೂ ಕೇಳಿಸಿಲ್ಲ ಎಂದು ಅವಳ ಜೀವಕ್ಕೆ ಸಮಾಧಾನವಾಯಿತು.

"ನಾಳೇನೂ ಈ ಮಾಂಸಾನ ಮಾಡು" ಎಂದ ಅವನು, ಅವಳ ಕಡೆ ನೋಡದೆ. "ಆದರ ಹುಣಸೀನೀರಾಗ ಇನ್ನೊಂದು ತಾಸು ಇಡು. ಮೊದಲನೇ ತುಂಡಿಗೇ ಗಂಟಲಾ ತುರಸಾಕ ಹತ್ತಿತ್ತು."

ಅವನು ತಾಟನ್ನು ಮುಂದೆ ಚಾಚಿದ.

"ಇನ್ನ ಎರಡು ಹಾಕು. ತಣ್ಣಗಾಗ್ತಾವು."