ಹಲ್ಲಿಯ ಶ್ರಾವಣ

ಶ್ರಾವಣ ಬಂತೆಂದರೆ ಬಂಕಾಪುರದ ಗಡಿಯಾರ ರಿಪೇರಿಯ ಚನ್ನೇಶನ ಮನೆಯ ಹಲ್ಲಿ ಸವಣೂರಿಗೆ ಹೋಗಬೇಕು. ಗೋಡೆ ಮೇಲಿನ ಬಡ ಹಲ್ಲಿಯಲ್ಲ. ಹುಬ್ಬಳ್ಳಿಯಿಂದ ತಂದು ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ, ಮೈತುಂಬ ಚುಕ್ಕೆಯ ಹಲ್ಲಿ. ಜೀವಂತ ಹುಳ ಬಿಟ್ಟು ಬೇರೇನನ್ನೂ ಮುಟ್ಟದು. "ಶ್ರಾವಣದಾಗ ನನ್ನ ಮನ್ಯಾಗ ಒಂದು ಜೀವಾನೂ ಹೋಗಬಾರ್ದು" ಎಂದು ಹೆಂಡತಿ ರಂಜನಾ ಕಡ್ಡಿ ಮುರಿದಂತೆ ಹೇಳಿದ್ದಳು. ಹಾಗಾಗಿ ಆ ಒಂದು ತಿಂಗಳು ಹಲ್ಲಿಯ ವಾಸ ಸವಣೂರಿನ ಗೆಳೆಯ ದಾದಾಪೀರನ ಮನೆಯಲ್ಲಿ.

ಉಳಿದ ತಿಂಗಳೆಲ್ಲ ಮನೆಯಲ್ಲಿ ಹಲ್ಲಿಯದೇ ದರಬಾರು. ಕೀಟನಾಶಕ ಹೊಡೆದ ಹೊಲದ ಮಿಡತೆ ವಿಷವೆಂದು ಚನ್ನೇಶ ಡಬ್ಬಿಯಲ್ಲಿ ತಾನೇ ಮಿಡತೆ ಸಾಕುತ್ತಿದ್ದ. ಅವಕ್ಕೆ ಗಜ್ಜರಿ, ಮೆಂತ್ಯದ ಸೊಪ್ಪು; ಅವು ತಿಂದದ್ದೇ ಹಲ್ಲಿಯ ಮೈಗೆ ಹತ್ತುತ್ತದಂತೆ. ಹಲ್ಲಿಯ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ದೊಡ್ಡ ಮಿಡತೆ ಕೊಡುವಂತಿಲ್ಲ. ದಿನ ಬಿಟ್ಟು ದಿನ, ದೀಪ ಹಚ್ಚಿದ ಮೇಲೆ, ಮಿಡತೆಗೆ ಕ್ಯಾಲ್ಸಿಯಂ ಪುಡಿ ಹಚ್ಚುತ್ತ ಕೂರುತ್ತಿದ್ದ. "ಗಂಡಗ ಪಲ್ಯಾ ಇಲ್ಲ, ಹುಳಕ್ಕ ಗಜ್ಜರಿ!" ಎಂದು ರಂಜನಾ ಬೈಯುವುದು, ಅವನು ನಗುವುದು. ಹಲ್ಲಿಗೆ ತಿನ್ನಿಸುವ ಹೊತ್ತಿಗೆ ಅವಳು ಎದ್ದು ಒಳಗೆ ಹೋಗಿಬಿಡುವುದು. ಆ ಸಂಜೆಗಳು ಎಷ್ಟು ಚೆನ್ನಾಗಿದ್ದವೆಂದು ಆಗ ಅವಳಿಗೆ ಹೊಳೆದಿರಲಿಲ್ಲ.

ಈ ವರ್ಷ ಮುಂಗಾರಿನ ಹೊತ್ತಿಗೆ ಎದೆನೋವೆಂದು ಮಲಗಿದ ಚನ್ನೇಶ ಏಳಲಿಲ್ಲ. ಅಂದಿನಿಂದ ಹಲ್ಲಿಯೂ ಬಾಯಿ ತೆರೆಯಲಿಲ್ಲ. ರಂಜನಾ ಮಿಡತೆಗಳನ್ನು ಪೆಟ್ಟಿಗೆಗೆ ಸುರಿದು, ನೋಡಲಾರದೆ ಮುಖ ತಿರುಗಿಸಿ ಹೋಗುತ್ತಿದ್ದಳು. ಅವು ಆರಾಮಾಗಿ ಕುಪ್ಪಳಿಸುತ್ತಿದ್ದವು. ಹಲ್ಲಿಯ ದಪ್ಪ ಬಾಲ ದೀಪದ ಬತ್ತಿಯಷ್ಟಾಯಿತು.

ಶ್ರಾವಣದ ಮೊದಲ ಸಂಜೆ ದಾದಾಪೀರ ಬಂದ. ಪೆಟ್ಟಿಗೆ ನೋಡಿ ಅವನ ಮುಖ ಸಪ್ಪಗಾಯಿತು.

"ಇದಕ್ಕ ಕೈಯಿಂದ ಉಣ್ಣೋ ರೂಢಿ ಐತ್ರಿ ವೈನಿ. ಚನ್ನೇಶ ಗಡಿಯಾರದ ಚಿಮಟದಾಗ ಮಿಡತೆ ಹಿಡದು ಕುಂದರ್ತಿದ್ದ. ಹಿಂಗ ಬಿಟ್ರ ಉಳಿಯೂದಿಲ್ಲ. ಇನ್ನ ಮ್ಯಾಲೆ ನಮ್ಮಲ್ಲೇ ಇರ್ಲಿ ಬಿಡ್ರಿ, ಒಯ್ತೇನಿ."

ಅವನು ಪೆಟ್ಟಿಗೆ ಎತ್ತಿದ್ದೇ ರಂಜನಾ ಬಾಗಿಲಿಗೆ ಅಡ್ಡ ನಿಂತಳು.

"ಕೆಳಗಿಡ್ರಿ ಅಣ್ಣಾರ. ಇದನ್ನೂ ಒಯ್ದ್ರ ಈ ಮನ್ಯಾಗ ನಾ ಯಾರಿಗೆ ಬೈಲಿ?"

"ಶ್ರಾವಣ ಐತಲ್ರಿ?"

"ಐತಿ. ಶಿವಗ ನಾ ಹೇಳ್ಕೋತೇನಿ."

ಗಂಡನ ಚಿಮಟ ತಂದಳು. ಸಣ್ಣ ಮಿಡತೆಯೊಂದನ್ನು ಹಿಡಿದು ಹಲ್ಲಿಯ ಮುಂದೆ ಚಾಚಿದಳು. ಈ ಸಲ ಮುಖ ತಿರುಗಿಸಲಿಲ್ಲ. ಹಲ್ಲಿ ಬಹಳ ಹೊತ್ತು ಅವಳನ್ನೇ ನೋಡಿತು. ಆಮೇಲೆ ತಲೆ ಓರೆ ಮಾಡಿ ಗಬಕ್ಕನೆ ಕಚ್ಚಿತು.

ಗಂಡನನ್ನು ಮಣ್ಣು ಮಾಡಿದ ದಿನವೂ ಬಾರದ ಅಳು ಈಗ ಒತ್ತರಿಸಿ ಬಂತು.

"ಮೂಳಾ, ನಿನ್ನ ಸಲುವಾಗಿ ನನ್ನ ವ್ರತಾ ಕೆಡ್ತು ನೋಡು" ಎಂದು ಬೈಯುತ್ತಲೇ ಇನ್ನೊಂದು ಮಿಡತೆಗೆ ಪುಡಿ ಹಚ್ಚಿದಳು.