ಒಳಗಿನಿಂದ ಮುಚ್ಚಿದ ಬಿಲಗಳು

ಚಳಿಯ ದಿನಗಳಲ್ಲಿ, ಕಾಮಗಾರಿಗೆಂದು ಭಾಗ ಮಾಡಿದ್ದ ಮರಳುಗಾಡಿನ ಮೊದಲ ತುಂಡಿನಲ್ಲಿದ್ದ ನಾನೂರ ಹನ್ನೆರಡು ಬಿಲಗಳನ್ನು ಖಾಲಿ ಎಂದು ಬರೆದುಕೊಂಡು, ಅವುಗಳ ಮೇಲೆ ರೋಲರ್ ಹರಿಸಲಾಯಿತು. ಹರಿಸಿದವನು ಸಪಾಟಣ್ಣ.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಇಪ್ಪತ್ತೆರಡು ವರ್ಷ ರಸ್ತೆ, ಗೋದಾಮಿನ ಅಂಗಳ, ಆಟದ ಮೈದಾನ ಎಂದು ಕಂಡಕಂಡ ನೆಲವನ್ನೆಲ್ಲ ಸಪಾಟು ಮಾಡುತ್ತ ಬಂದವನಿಗೆ ಈ ಹೆಸರು ಅಂಟಿಕೊಂಡಿತ್ತು. ಸಿಟ್ಟು ಬಂದಾಗ ಹೆಂಡತಿಯೂ ಅದನ್ನೇ ಹಿಡಿದು ಕರೆಯುತ್ತಿದ್ದಳು.

ಬಿಸಿಲಿನಿಂದ ವಿದ್ಯುತ್ ತಯಾರಿಸುವ ಫಲಕಗಳನ್ನು ನಿಲ್ಲಿಸಲು ಆ ನೆಲ ಬೇಕಾಗಿತ್ತು. ಕಾಮಗಾರಿಗೆ ಒಂದು ನಿಯಮವಿತ್ತು. ಜೀವವಿರುವ ಬಿಲದ ಪಕ್ಕ ಕೆಂಪು ಬಾವುಟ ನೆಡಬೇಕು. ಒಳಗಿನ ಪ್ರಾಣಿಯನ್ನು ಹಿಡಿದು ಬೇರೆಡೆ ಬಿಡುವವರೆಗೆ ರೋಲರ್ ಅದನ್ನು ಸುತ್ತಿ ಹೋಗಬೇಕು. ಬಾವುಟ ನೆಡುವ ಕೆಲಸ ಕಾಲೇಜಿನಿಂದ ಆಗಷ್ಟೇ ಬಂದಿದ್ದ, ಎಲ್ಲರೂ ಸರ್ವೆ ಮೇಡಂ ಎನ್ನುತ್ತಿದ್ದ ಹುಡುಗಿಯದು. ಮೊದಲ ದಿನವೇ ಅವಳು ಬಾವುಟಗಳ ಕಟ್ಟು ಹಿಡಿದು ರೋಲರ್ ಪಕ್ಕ ಬಂದು ನಿಂತಿದ್ದಳು.

"ಅಣ್ಣಾ, ಇಲ್ಲಿ ಒಂದು ಬಿಲದ ಬಾಯೂ ತೆರೆದಿಲ್ಲ. ಎಲ್ಲದರಲ್ಲೂ ಮರಳು ತುಂಬಿದೆ. ಏನಂತ ಬರೀಲಿ?"

ಎಷ್ಟೋ ಹಾಳು ಬಾವಿ, ಬಿಟ್ಟುಹೋದ ಹೊಂಡಗಳ ಮೇಲೆ ರೋಲರ್ ಓಡಿಸಿದ್ದ ಸಪಾಟಣ್ಣನಿಗೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. "ಬಳಸದೆ ಬಿಟ್ಟಿದ್ದನ್ನ ಮರಳು ತಾನೇ ಮುಚ್ಚುತ್ತೆ ಮೇಡಂ. ಪಾಳು ಮನೆಗಳು ಇವು. ಖಾಲಿ ಅಂತ ಬರೀರಿ."

ಅವಳು ಬರೆದಳು. ಓದಿದ ಹುಡುಗಿ ತನ್ನನ್ನು ಕೇಳಿ ಬರೆದಳಲ್ಲ ಎಂದು ಅವನು ಮನೆಗೆ ಬಂದು ಹೆಂಡತಿಯ ಮುಂದೆ ಬೀಗಿದ್ದ.

ಎರಡು ತಿಂಗಳು ಕಳೆದವು. ಮೊದಲ ತುಂಡು ಮೇಜಿನ ಹಾಗೆ ಆಗಿತ್ತು. ಒಂದು ಮಧ್ಯಾಹ್ನ, ಚಳಿ ಸ್ವಲ್ಪ ಸಡಿಲಿ ಬಿಸಿಲು ಚುರುಕಾಗಿದ್ದಾಗ, ಅವನು ಎರಡನೇ ತುಂಡಿನ ಅಂಚಿನಲ್ಲಿ ಕೂತು ಬುತ್ತಿ ಬಿಚ್ಚಿದ. ಎರಡು ಮಾರು ದೂರದಲ್ಲಿ ಮರಳು ಅಲುಗಿತು. ಮೊದಲು ಗಾಳಿ ಅಂದುಕೊಂಡ. ಮರಳು ಒಳಗಿನಿಂದ ಹೊರಕ್ಕೆ ಚಿಮ್ಮುತ್ತಿತ್ತು. ಮುಚ್ಚಿದ್ದ ಬಾಯಿ ಬಿರಿದು ಒಂದು ಚಪ್ಪಟೆ ತಲೆ ಕಾಣಿಸಿತು. ಹಿಂದೆಯೇ ಮೊಳದುದ್ದದ ಹಲ್ಲಿ, ಬಾಲದ ತುಂಬ ಮುಳ್ಳು. ಮೈ ಮಸಿ ಬಳಿದ ಹಾಗೆ ಕಪ್ಪಗಿತ್ತು. ಬಿಸಿಲಿಗೆ ಬೆನ್ನೊಡ್ಡಿ ಕೂತ ಹಾಗೇ ಆ ಕಪ್ಪು ಮೆಲ್ಲಗೆ ಬೂದಿಗೆ, ಬೂದಿಯಿಂದ ಮರಳಿನ ಬಣ್ಣಕ್ಕೆ ತಿರುಗಿತು. ಆಮೇಲೆ ಕುರುಚಲು ಗಿಡದ ನಾಲ್ಕು ಎಲೆ ಕಿತ್ತು ತಿಂದು, ತಿರುಗಿ ಒಳಗೆ ಹೋಗಿ, ಮರಳು ತಳ್ಳಿ ಬಾಯಿ ಮುಚ್ಚಿಕೊಂಡಿತು.

ಸಪಾಟಣ್ಣನ ಬಾಯೊಳಗಿನ ತುತ್ತು ಅಲ್ಲೇ ಉಳಿಯಿತು.

ಸಂಜೆ ಮನೆಯಲ್ಲಿ ಅತ್ತೆಯ ಮುಂದೆ ಇದನ್ನು ಹೇಳಿದ. ಮಂಡಿನೋವಿನ ಔಷಧಿಗೆಂದು ಮಗಳ ಮನೆಗೆ ಬಂದು ಉಳಿದಿದ್ದ ಮುದುಕಿ, ಚಿಕ್ಕಂದಿನಲ್ಲಿ ಇದೇ ಬಯಲಿನಲ್ಲಿ ಮೇಕೆ ಕಾಯ್ದವಳು.

"ಅಯ್ಯೋ ಅಳಿಯಂದ್ರೆ, ಚಳೀಲಿ ನಾವು ಬಾಗಿಲು ಹಾಕ್ಕೊಂಡು ಮಲಗಿದ್ರೆ ಮನೇಲಿ ಯಾರೂ ಇಲ್ಲ ಅಂತನಾ?" ಎಂದಳು ನಗುತ್ತ. "ಅದು ಚಳಿಗಾಲ ಪೂರ್ತಿ ಒಳಗೇ, ಬಿಸಿಲು ಚುರುಕಾದ ದಿನ ಒಂದು ಗಳಿಗೆ ಹೊರಗೆ ಬಂದ್ರೆ ಬಂತು. ಕದ ಹಾಕೋದು ಅದೇ, ತೆಗೆಯೋದೂ ಅದೇ. ನೀರು ಕುಡಿದಿದ್ದನ್ನ ನಾನಂತೂ ನೋಡಿಲ್ಲ. ಎಲೇಲಿರೋ ಪಸೆಯಲ್ಲೇ ಬದುಕುತ್ತೆ. ಅದು ತೋಡಿ ಬಿಟ್ಟ ಬಿಲದಲ್ಲಿ ಬಾಡಿಗೆ ಇಲ್ಲದೆ ಎಷ್ಟು ಸಂಸಾರ ಗೊತ್ತಾ? ಜೀರುಂಡೆ, ಚೇಳು, ಹಾವು. ಅದನ್ನೇ ನಂಬಿಕೊಂಡು ಮೇಲೆ ಹದ್ದು."

ಅಳಿಯನ ಮುಖ ನೋಡಿ ಅವಳ ನಗು ನಿಂತಿತು. "ಯಾಕೆ, ಏನಾಯ್ತು?"

ಅವನು ಎದ್ದು ಹಿತ್ತಲಿನಲ್ಲಿ ಹಾರೆ ಹುಡುಕಿದ. ರಜೆಯ ದಿನ ಹಾರೆ, ಸಲಿಕೆ ಹಿಡಿದು ಹೊರಟ. ಮುದುಕಿ ಕೇಳದೆಯೇ ಕೋಲೂರಿಕೊಂಡು ಹಿಂದೆ ಬಂದಳು.

ಮೊದಲ ತುಂಡಿನಲ್ಲಿ ಅವನು ಅಂದಾಜಿನ ಮೇಲೆ ಒಂದು ಜಾಗ ಆರಿಸಿದ. ತಾನೇ ಒತ್ತಿ ಕೂರಿಸಿದ ನೆಲ. ಹಾರೆ ಹಾಕಿದರೆ ಠಣ್ ಎನ್ನುತ್ತಿತ್ತು. ತನ್ನ ಕೆಲಸ ಎಷ್ಟು ಗಟ್ಟಿ ಎಂದು ಅವನಿಗೆ ಅವತ್ತು ಗೊತ್ತಾಯಿತು. ಬೆಳಿಗ್ಗೆ ಶುರು ಮಾಡಿದವನು ಮಧ್ಯಾಹ್ನದ ಹೊತ್ತಿಗೆ ತೊಡೆಯಾಳಕ್ಕೆ ಇಳಿದಿದ್ದ. ಅಲ್ಲಿ ಸಿಕ್ಕಿತು. ತಲೆ ಒಳಗೆ, ಬಾಲ ಬಾಗಿಲ ಕಡೆ. ಒಣಗಿತ್ತು. ಮೈ ಇನ್ನೂ ಕಪ್ಪಗೇ ಇತ್ತು.

ಮುದುಕಿ ಗುಂಡಿಯ ಅಂಚಿನಲ್ಲಿ ಕೋಲೂರಿ ಬಗ್ಗಿ ನೋಡಿದಳು. "ಬಾಲ ಅಡ್ಡ ಕೊಟ್ಟು ಮಲಗಿದೆ ಪಾಪ. ಹಾವು ಬಂದ್ರೆ ಮುಳ್ಳಿಂದ ತಡೆಯೋಣ ಅಂತ." ಮತ್ತೆ ನೆಟ್ಟಗಾಗುತ್ತ ಮೆಲ್ಲಗೆ ಸೇರಿಸಿದಳು: "ಅದಕ್ಕೆ ರೋಲರ್ ಗೊತ್ತಿರಲಿಲ್ಲ ಅಳಿಯಂದ್ರೆ."

ಅವನು ಇನ್ನೊಂದು ಗುಂಡಿ ತೋಡಲಿಲ್ಲ. ತೋಡಿ ಯಾರನ್ನು ಎಬ್ಬಿಸುವುದು?

ಮಾರನೆಯ ದಿನ ಸರ್ವೆ ಮೇಡಂ ಮುಂದೆ ನಿಂತು ಎಲ್ಲ ಹೇಳಿದ. ಅವಳ ಮುಖ ಬಿಳಿಚಿತು.

"ಮುಚ್ಚಿದೆ ಅಂದ್ರೆ ಖಾಲಿ ಅಂತ ನೀವೇ ಅಲ್ವಾ ಅಣ್ಣಾ ಹೇಳಿದ್ದು?"

"ಹೌದು ಮೇಡಂ. ನಾನೇ. ನನಗೆ ಗೊತ್ತಿರಲಿಲ್ಲ, ಗೊತ್ತಿರೋನ ಥರ ಹೇಳಿದೆ."

"ವರದಿ ಹೋಗಿಬಿಟ್ಟಿದೆ. ಎರಡನೇ ತುಂಡಿಗೂ ಅದನ್ನೇ ಲೆಕ್ಕಕ್ಕೆ ತಗೊಂಡಿದ್ದಾರೆ." ಅವಳು ಉಗುರು ಕಚ್ಚಿದಳು. "ನಾನು ತಿದ್ದಿ ಕಳಿಸಿದ್ರೆ ನನ್ನ ಕೈಯಿಂದ ಪೆನ್ನೇ ಕಿತ್ಕೋತಾರೆ. ಆಮೇಲೆ ಬರೋರು ಬಿಲಾನೂ ನೋಡಲ್ಲ. ಸಾಹೇಬ್ರ ಹತ್ರ ನೀವೇ ಹೇಳಿ, ಹಳಬರು."

ಸಾಹೇಬರೆಂದರೆ ಕಾಮಗಾರಿಯ ಮ್ಯಾನೇಜರ್. ತಗಡಿನ ಕಚೇರಿಯಲ್ಲಿ ನಕ್ಷೆ ಹರಡಿಕೊಂಡು ನಿಂತಿದ್ದರು. ಕೆಟ್ಟ ಮನುಷ್ಯರಲ್ಲ, ಪೂರ್ತಿ ಕೇಳಿಸಿಕೊಂಡರು.

"ಏನಂತ ಬರೀಲಿ ಹೇಳು? ಡ್ರೈವರ್ ಅತ್ತೆ ಹೇಳಿದ್ರು, ಕೆಲಸ ನಿಲ್ಲಿಸಿದ್ವಿ ಅಂತನಾ?"

"ನಲವತ್ತು ದಿನ ಸಾರ್. ಬಿಸಿಲು ಬಲಿತರೆ ಅವೇ ತಾವಾಗಿ ಬಾಗಿಲು ತೆಗೀತವೆ. ಆಗ ಹಿಡಿದು ಸಾಗಿಸಬಹುದು. ಈಗ ಅಗೆದು ಹೊರಗೆ ಬಿಟ್ರೆ ಈ ಚಳೀಲಿ ಹೊಸ ಬಿಲ ತೋಡೋಕೆ ಅವಕ್ಕೆ ಕಸುವಿರಲ್ಲ."

"ಫಲಕದ ಲಾರಿಗಳು ದಾರೀಲಿವೆ. ನಲವತ್ತು ದಿನ ಎಲ್ಲಿಂದ ತರಲಿ?" ಮ್ಯಾನೇಜರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನೋಡು, ನನ್ನ ತಂಗಿ ಹೆರಿಗೆ ಮೇಜಿನ ಮೇಲಿದ್ದಾಗ ಆಸ್ಪತ್ರೇಲಿ ಕರೆಂಟ್ ಹೋಗಿತ್ತು. ಮಗು ಉಳಿಯಲಿಲ್ಲ. ಆ ಕರೆಂಟ್ ಈ ನೆಲದಿಂದ ಬರಬೇಕು. ಹಲ್ಲಿಗಳಿಗೆ ನಾನೇನು ಶತ್ರುನಾ?"

ಅದು ಸುಳ್ಳಲ್ಲ. ಅದರ ಎದುರಿಗೆ ಇಡಲು ಸಪಾಟಣ್ಣನ ಬಳಿ ಇದ್ದದ್ದು ತೊಡೆಯಾಳದ ಒಂದು ಗುಂಡಿ ಮಾತ್ರ. "ಫಲಕಗಳನ್ನ ಮೊದಲು ಮೊದಲನೇ ತುಂಡಿನಲ್ಲಿ ನಿಲ್ಲಿಸಿ ಸಾರ್, ಅಷ್ಟರಲ್ಲಿ ನಲವತ್ತು ದಿನ ಕಳೀತವೆ, ಎರಡೂ ಆಗುತ್ತಲ್ಲ" ಎನ್ನುವುದು ಹೊಳೆದದ್ದು ಕಚೇರಿಯ ಮೆಟ್ಟಿಲು ಇಳಿದ ಮೇಲೆ. ಓಡಿ ಹೋಗಿ ಹೇಳಿದರೆ ಅವರು ಫೋನಿನಲ್ಲಿದ್ದರು; ಕೈ ಬೀಸಿ ಕಳಿಸಿದರು.

ಆ ವಾರವೆಲ್ಲ ಅವನಿಗೆ ಊಟ ಸೇರಲಿಲ್ಲ. ಹೆಂಡತಿ ತಟ್ಟೆ ನೋಡಿ ಗೊಣಗಿದಳು. "ರೀ, ನೀವು ಓಡಿಸದಿದ್ರೆ ಇನ್ನೊಬ್ಬ ಓಡಿಸ್ತಾನೆ. ಅವನಿಗೇನು, ಅತ್ತೆ ಇರ್ತಾಳಾ ಹೇಳೋಕೆ?"

"ಅದೇ ಕಣೆ ಸಂಕಟ" ಅಂದ.

ಕೆಲಸದ ದಿನ ಬೆಳಿಗ್ಗೆ ಎರಡನೇ ತುಂಡಿನ ಅಂಚಿಗೆ ರೋಲರ್ ತಂದು ನಿಲ್ಲಿಸಿದ. ಗಾಜಿನಾಚೆ ಮುನ್ನೂರಕ್ಕೂ ಮಿಕ್ಕಿ ಮುಚ್ಚಿದ ಬಾಯಿಗಳು. ಒಂದರ ಪಕ್ಕದಲ್ಲೂ ಬಾವುಟವಿಲ್ಲ. ಸರ್ವೆ ಮೇಡಂ ದೂರದಲ್ಲಿ ನಿಂತು ತನ್ನ ಕಾಲಿನ ಬೂಟು ನೋಡುತ್ತಿದ್ದಳು. ಮ್ಯಾನೇಜರ್ ಕೈ ಎತ್ತಿ "ಹೊರಡು" ಎಂದು ಸನ್ನೆ ಮಾಡಿದರು.

ಸಪಾಟಣ್ಣ ಎಂಜಿನ್ ಆರಿಸಿದ.

"ಏನಾಯ್ತು? ಕೆಟ್ಟಿತಾ?"

"ಗಾಡಿ ಚೆನ್ನಾಗಿದೆ ಸಾರ್. ನನ್ನ ಕೈಲಿ ಆಗಲ್ಲ."

ಮ್ಯಾನೇಜರ್ ಹತ್ತಿರ ಬಂದರು. ಕೂಗಲಿಲ್ಲ. "ಸರಿ. ಬಲವಂತ ಮಾಡಲ್ಲ. ಬೇರೆ ಡ್ರೈವರ್‌ನ ಕರೆಸ್ತೀನಿ, ಅರ್ಧ ಗಂಟೇಲಿ ಬರ್ತಾನೆ. ಕೀಲಿ ಕೊಟ್ಟು ಇಳಿ."

ಅವನು ಒಮ್ಮೆ ಹಿಂದೆ, ಮೇಜಿನ ಹಾಗಿದ್ದ ಮೊದಲ ತುಂಡಿನ ಕಡೆ ನೋಡಿದ. ಅಲ್ಲಿ ಅವನು ತೋಡಿದ ಗುಂಡಿಯನ್ನು ಯಾರೋ ಮುಚ್ಚಿ, ಮೇಲೆ ತುಳಿದು ಸಪಾಟು ಮಾಡಿದ್ದರು.

"ಇಳಿ ಅಂದೆ ಕಣಯ್ಯಾ."

"ಇಲ್ಲ ಸಾರ್" ಎಂದ ಸಪಾಟಣ್ಣ. "ಇಳಿಯೋದೂ ಇಲ್ಲ."

ಕೀಲಿಯನ್ನು ಮುಷ್ಟಿಯಲ್ಲಿಟ್ಟುಕೊಂಡು, ಬಾಗಿಲನ್ನು ಎಳೆದು, ಒಳಗಿನಿಂದ ಚಿಲಕ ಹಾಕಿಕೊಂಡ.